ಡಾಕ್ಟರಜ್ಜನ ಕಂಬಿ: ಹಳೇ ವೈದ್ಯರ ಕಾಗದಗಳನ್ನು ಓದುವ ಬಗೆ

ನಮ್ಮ ಅಜ್ಜಿಯ ಅಣ್ಣ ಮೈಸೂರು ಸಂಸ್ಥಾನದಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದರು. ಮನೆಯಲ್ಲಿ ಎಲ್ಲರಿಗೂ ಡಾಕ್ಟರಜ್ಜ. ಅವರಿಗೆ ಬಂದ ಕಾಗದಗಳು ಅಟ್ಟದ ಮೇಲೆ ಮೂರು ಕಂಬಿಗಳಲ್ಲಿ ಹಾಗೇ ಉಳಿದಿದ್ದವು. ಕಂಬಿ ನೋಡಿದ್ದೀರಲ್ವಾ? ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಓದಿ ಆದ ಕಾಗದವನ್ನು ನಡುವೆ ಚುಚ್ಚಿ ಗೋಡೆಗೆ ನೇತು ಹಾಕುತ್ತಿದ್ದರು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿ ರಿಟೈರ್ ಆದವಳು. ಔಷಧಿ ಚೀಟಿ ಓದಿ ಅಭ್ಯಾಸ. ಆ ಧೈರ್ಯದಲ್ಲಿ ಮೊದಲ ದಿನವೇ ಒಂದು ಕಂಬಿಯನ್ನು ಖಾಲಿ ಮಾಡಿದೆ. ಮನೆ ಸಮಾಚಾರ ಒಂದು ಗುಡ್ಡೆ, ಆಸ್ಪತ್ರೆ ಸಮಾಚಾರ ಇನ್ನೊಂದು ಗುಡ್ಡೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಕಂಬಿಯಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ. ತಾರೀಖೇ ಇಲ್ಲದ ಕಾರ್ಡಿಗೆ ಆ ಜಾಗವೇ ತಾರೀಖು. ಅದನ್ನು ಕೆಡಿಸಿಕೊಂಡು ಸರಿಮಾಡಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಹಾಗಾಗಿ ಮೊದಲು ಕಂಬಿಯನ್ನು ಇದ್ದ ಹಾಗೇ ಫೋಟೋ ತೆಗೆಯಿರಿ. ಆಮೇಲೆ ಮೇಲಿನಿಂದ ಒಂದೊಂದೇ ಬಿಡಿಸಿ, ಹಿಂದೆ ಮೂಲೆಯಲ್ಲಿ ಮೆದು ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಪೆನ್ ಬೇಡ. ಪೆಟ್ಟಿಗೆಯಲ್ಲಿ ಕಟ್ಟಾಗಿ ಸಿಕ್ಕರೂ ಹೀಗೇ ಮಾಡಿ. ಗುಂಡುಸೂಜಿ ತುಕ್ಕು ಹಿಡಿದಿದ್ದರೆ ಎಳೆಯಬೇಡಿ, ಕಾಗದವೂ ಕಿತ್ತು ಬರುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಬಿಸಿ ಪ್ಲಾಸ್ಟಿಕ್ಕಿಗೆ ಒಮ್ಮೆ ಅಂಟಿತು ಅಂದರೆ ಮುಗಿಯಿತು, ಮತ್ತೆ ಬಿಡಿಸಲಾಗದು.

ಈಗ ತಾರೀಖು. ಕಾಗದದಲ್ಲಿ ಇಲ್ಲದಿದ್ದರೆ ಅಂಚೆ ಮುದ್ರೆ ನೋಡಿ. ಮುದ್ರೆ ಮಾಸಿದ್ದರೆ ಸ್ಟಾಂಪಿನ ಮೇಲಿನ ರಾಜನ ಮುಖ ನೋಡಿ. ಗಡ್ಡ, ಬಕ್ಕತಲೆ ಇದ್ದರೆ ಏಳನೇ ಎಡ್ವರ್ಡ್, ಅಂದರೆ 1902ರಿಂದ ಮುಂದೆ. ಕಿರೀಟವಿಟ್ಟ ಗಡ್ಡದ ಐದನೇ ಜಾರ್ಜ್ ಆದರೆ 1911ರ ನಂತರ. ಮೈಸೂರಿನ ಸ್ವಂತ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು. ಹಾಗಾಗಿ ನಮ್ಮ ಕಡೆಯ ಕಾಗದಕ್ಕೂ ಇದೇ ಲೆಕ್ಕ. ಕಾರ್ಡಿನ ಬೆಲೆಯೂ ಒಂದು ಸುಳಿವು. 1922ರವರೆಗೆ ಕಾಲಾಣೆ, ಆಮೇಲೆ ಅರ್ಧಾಣೆ.

ಕೆಲವರು ಸಂವತ್ಸರ ಮಾತ್ರ ಬರೆದಿರುತ್ತಾರೆ. ಹೆದರಬೇಕಿಲ್ಲ. ಪ್ರಭವ ಸಂವತ್ಸರ 1927ರ ಯುಗಾದಿಗೆ ಶುರು, ಅಲ್ಲಿಂದ ಹಿಂದಕ್ಕೆ ಎಣಿಸಿ. ನನಗೆ ಸಿಕ್ಕ ಒಂದು ಕಾರ್ಡಿನಲ್ಲಿ ಇದ್ದದ್ದು ಕಾಳಯುಕ್ತಿ, ಆಶ್ವಯುಜ ಬಹುಳ. ಎಣಿಸಿದರೆ 1918ರ ಅಕ್ಟೋಬರ್ ಕೊನೆ. ಇನ್‌ಫ್ಲುಯೆಂಜಾ ಊರೂರನ್ನು ಮಲಗಿಸಿದ ಹೊತ್ತು. ಬರೆದವರು ಡಾಕ್ಟರಜ್ಜನ ಜೊತೆ ಮದ್ರಾಸಿನಲ್ಲಿ ಓದಿದ ಗೆಳೆಯ, ಬೇರೆ ತಾಲ್ಲೂಕಿನ ಡಾಕ್ಟರು. ಕಂಪೌಂಡರ್ ಮಲಗಿದ್ದಾನೆ, ತಾನೇ ಔಷಧಿ ಅರೆಯುತ್ತಿದ್ದೇನೆ ಎಂದು ನಾಲ್ಕು ಸಾಲು. ಅದರ ಕೆಳಗೇ ತಂಗಿ ಮಗಳಿಗೆ ಗಂಡಿನ ಜಾತಕ ಬೇಕು ಎಂಬ ಮಾತು. ನಾನು ಇದನ್ನು ಜಾತಕದ ಗುಡ್ಡೆಗೆ ಹಾಕಿಬಿಟ್ಟಿದ್ದೆ ನೋಡಿ.

ಭಾಷೆ ನೋಡಿ ವಿಂಗಡಿಸಲೂ ಹೋಗಬೇಡಿ. ಆಸ್ಪತ್ರೆ ಮಾತು ಇಂಗ್ಲಿಷಿನಲ್ಲಿ, ಮನೆ ಮಾತು ಕನ್ನಡದಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಉಲ್ಟಾ ಇತ್ತು. ಆ ಗೆಳೆಯ ತನ್ನ ಹೆಂಡತಿಯ ಕಾಯಿಲೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಮನೆಯವರಿಗೆ ತಿಳಿಯಬಾರದು ಅಂತ. ಇಂಗ್ಲಿಷ್ ದೊರೆ ಸರ್ಜನ್ ಮೇಲಿನ ಸಿಟ್ಟನ್ನು ಅಚ್ಚ ಕನ್ನಡದಲ್ಲಿ ತೀರಿಸಿಕೊಂಡಿದ್ದಾರೆ, ಆತನಿಗೆ ತಿಳಿಯಬಾರದು ಅಂತ! ಕಾಗದ ಓದುವಾಗ ಯಾರಿಗೆ ಬರೆದದ್ದು ಅನ್ನುವಷ್ಟೇ ಯಾರಿಂದ ಮುಚ್ಚಿಟ್ಟದ್ದು ಅನ್ನುವುದನ್ನೂ ಕೇಳಿಕೊಳ್ಳಿ.

ಮೊದಲ ನಾಲ್ಕು ಸಾಲು ಉಭಯ ಕುಶಲೋಪರಿ. ‘ಉ॥ ಕು॥’ ಎಂದು ಮೊಟಕಾಗಿಯೂ ಬರೆಯುತ್ತಿದ್ದರು. ಅದನ್ನು ದಾಟಿ. ಅಂಚಿನಲ್ಲಿ ಅಡ್ಡಡ್ಡ ಗೀಚಿದ್ದನ್ನು ಮಾತ್ರ ಬಿಡಬೇಡಿ. ಜಾಗ ಮುಗಿದ ಮೇಲೆ ನೆನಪಾದ ಮಾತುಗಳು ಅಲ್ಲೇ ಇರುತ್ತವೆ.

ಔಷಧಿಯ ಸಾಲುಗಳು ನನಗೆ ತೌರುಮನೆ ಇದ್ದ ಹಾಗೆ, ಸ್ವಲ್ಪ ಜಾಸ್ತಿ ಹೇಳುತ್ತೇನೆ. ನನ್ನ ತಮ್ಮನ ಮಗ ಒಂದು ಕಡೆ 31 ಎಂದು ಓದಿದ. ಅದು 31 ಅಲ್ಲ. ಇಂಗ್ಲಿಷ್ ಮೂರರ ಹಾಗೆ ಕಾಣುವ, ಬಾಲ ಇಳಿಬಿಟ್ಟ ಗುರುತು ಡ್ರಾಮ್ ಎಂಬ ಹಳೇ ಅಳತೆ. ಪಕ್ಕದ ಗೀಟು ರೋಮನ್ ಒಂದು. ಒಟ್ಟು ಒಂದು ಡ್ರಾಮ್ ಅಷ್ಟೇ. ಅದೇ ಗುರುತಿನ ತಲೆಯ ಮೇಲೆ ಇನ್ನೊಂದು ಕೊಂಕು ಇದ್ದರೆ ಔನ್ಸ್. 60 ಗ್ರೇನ್‌ಗೆ ಒಂದು ಡ್ರಾಮ್, 8 ಡ್ರಾಮ್‌ಗೆ ಒಂದು ಔನ್ಸ್. ಒಂದು ಗ್ರೇನ್ ಈಗಿನ ಸುಮಾರು 65 ಮಿಲಿಗ್ರಾಂ. ಕ್ವಿನೈನ್ ಐದು ಗ್ರೇನ್ ಅಂದರೆ 325 ಮಿಲಿಗ್ರಾಂ ಹತ್ತಿರ. ರೋಮನ್ ಅಂಕಿಯ ಕೊನೆಯ ಗೀಟಿಗೆ ಕೆಳಗೆ ಬಾಲ ಎಳೆಯುತ್ತಿದ್ದರು, ಆಮೇಲೆ ಯಾರೂ ಇನ್ನೊಂದು ಗೀಟು ಸೇರಿಸಬಾರದು ಎಂದು. ‘ಮಿಸ್ಟ್’ ಅಂದರೆ ಮಿಕ್ಸ್ಚರ್, ‘ಪಲ್ವ್’ ಅಂದರೆ ಪುಡಿ. ‘ಟಿ.ಡಿ.ಎಸ್.’ ದಿನಕ್ಕೆ ಮೂರು ಸಲ, ‘ಪಿ.ಸಿ.’ ಊಟವಾದ ಮೇಲೆ. ಇದನ್ನೆಲ್ಲ ಓದಿ ತಿಳಿಯಿರಿ, ಮಾಡಿ ಕುಡಿಯಬೇಡಿ. ‘ಲೈಕರ್ ಆರ್ಸೆನಿಕಾಲಿಸ್’ ಎಂದು ಟಾನಿಕ್ಕಿನ ಹಾಗೆ ಕೊಡುತ್ತಿದ್ದದ್ದು ಪಾಷಾಣವನ್ನೇ.

ಒಂದು ಕಾಗದದ ಮಾತು ಇನ್ನೊಂದಕ್ಕೆ ಹೊಂದದೆ ಹೋದರೆ, ಅಂಚೆ ಹೋಗಿ ಬರಲು ಹಿಡಿಯುತ್ತಿದ್ದ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ರೊನಾಲ್ಡ್ ರಾಸ್ ಗೊತ್ತಲ್ಲ, ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದ ಡಾಕ್ಟರು? 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಅವರೂ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ನರೂ ವರ್ಷಗಟ್ಟಲೆ ಕಾಗದ ಬರೆದುಕೊಂಡರು. ಹಡಗಿನಲ್ಲಿ ಹೋಗಿ ಉತ್ತರ ಬರಲು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ಇಲ್ಲಿಂದ ಇನ್ನೂ ಎರಡು ಮೂರು ಕಾಗದ ಹೋಗಿರುತ್ತಿದ್ದವು. ಬಂದ ಉತ್ತರ ಹಳೇ ಪ್ರಶ್ನೆಗೆ. 1897ರ ಆಗಸ್ಟ್ 20ಕ್ಕೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಅವರು ಹುಡುಕುತ್ತಿದ್ದ ಮಲೇರಿಯಾ ಕ್ರಿಮಿ ಕಂಡಿತು. ಮುಂದಿನ ತಿಂಗಳೇ ರಾಜಪುತಾನದ (ಈಗಿನ ರಾಜಸ್ಥಾನ) ಖೇರ್ವಾಡಾಕ್ಕೆ ವರ್ಗ! ಅವರ ಕಾಗದಗಳಲ್ಲಿ ಸೊಳ್ಳೆ ಎಷ್ಟೋ ವರ್ಗದ ಗೋಳೂ ಅಷ್ಟೇ. ಬೇರೆ ಮಾಡಿದರೆ ಎರಡೂ ಅರ್ಥವಾಗುವುದಿಲ್ಲ.

ಇನ್ನೊಂದು. ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಬಂದ ಕಾಗದ ಮಾತ್ರ. ನಿಮ್ಮಜ್ಜ ಬರೆದದ್ದು ಇನ್ಯಾರದೋ ಮನೆಯಲ್ಲಿದೆ. ವಿಲಿಯಂ ಆಸ್ಲರ್ ಎಂಬ ದೊಡ್ಡ ವೈದ್ಯರು 1919ರಲ್ಲಿ ತೀರಿಕೊಂಡಾಗ, ಮಿದುಳಿನ ಸರ್ಜನ್ ಹಾರ್ವಿ ಕುಶಿಂಗ್ ಎಂಬವರು ಆಸ್ಲರ್ ಅವರ ಜೀವನಚರಿತ್ರೆ ಬರೆಯಲು ಕೂತರು. ಆಸ್ಲರ್ ಕಂಡಕಂಡವರಿಗೆಲ್ಲ ಕಾರ್ಡು ಬರೆಯುತ್ತಿದ್ದವರು. ಅವೆಲ್ಲ ಗೆಳೆಯರ, ಶಿಷ್ಯರ ಮನೆಗಳಿಂದ ಬರಬೇಕಾಯಿತು. ನಾನೂ ಡಾಕ್ಟರಜ್ಜನ ಆ ಗೆಳೆಯರ ಮೊಮ್ಮಗನನ್ನು ಹುಡುಕಿ ಒಂದು ಕಾರ್ಡು ಹಾಕಿದೆ. ಫೋನ್ ನಂಬರ್ ಇತ್ತು, ಆದರೂ ಕಾರ್ಡೇ ಹಾಕಿದೆ. ಅವರಿಂದ ಏಳು ಕಾಗದ ಬಂದವು. ಹೆಂಡತಿಯ ಕಾಯಿಲೆಗೆ ಡಾಕ್ಟರಜ್ಜ ಕೊಟ್ಟ ಉತ್ತರವೂ ಅದರಲ್ಲಿತ್ತು. ಅದೂ ಇಂಗ್ಲಿಷಿನಲ್ಲೇ.

ಮನೆಯ ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಒಂದು ಕಾಗದದಲ್ಲಿ ‘606’ ಎಂದಿತ್ತು. ಅದು ಸಾಲ್ವರ್ಸಾನ್, 1910ರಲ್ಲಿ ಬಂದ ಪರಂಗಿ ರೋಗದ, ಅಂದರೆ ಸಿಫಿಲಿಸ್‌ನ ಔಷಧಿ. ಪಕ್ಕದಲ್ಲೇ ರೋಗಿಯ ಹೆಸರು, ಊರು, ಮನೆತನ. ಆ ಮನೆಯವರು ಈಗಲೂ ನಮ್ಮ ಬೀದಿಯಲ್ಲೇ ಇದ್ದಾರೆ, ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರುತ್ತಾರೆ. ನಾನು ಫೋಟೋ ತೆಗೆದು ಕಳಿಸುವವಳೇ ಇದ್ದೆ. ಈಗ ಅಂಥ ಹೆಸರಿನ ಮೇಲೆ ಬಿಳಿ ಕಾಗದದ ಚೂರು ಇಟ್ಟು ಫೋಟೋ ತೆಗೆಯುತ್ತೇನೆ. ಮೂಲವನ್ನು ಬೇರೆ ಲಕೋಟೆಯಲ್ಲಿ ಹಾಕಿ, ನಂಬರ್ ಬರೆದು, ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ.