ಹಳ್ಳಿ ಶಾಲೆಯ ಹಲ್ಲಿನ ಶಿಬಿರ: ಬಿಸಿಯೂಟದ ಗಂಟೆ ನೋಡಿ ಮಾಡುವ ಕೆಲಸ

ಹಲ್ಲಿನ ಶಿಬಿರ ಎಂದರೆ ಬ್ಯಾನರ್, ಶಾಮಿಯಾನ, ಇನ್ನೂರು ಮಂದಿಯ ಪಾಳಿ, ಸಂಜೆಗೆ 'ಇಷ್ಟು ಹಲ್ಲು ಕಿತ್ತೆವು' ಎಂಬ ಲೆಕ್ಕ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಊರುಗಳಲ್ಲಿ ನಾವು ಅದನ್ನು ಕೈಬಿಟ್ಟಿದ್ದೇವೆ. ದಿನಕ್ಕೆ ಒಂದೇ ಶಾಲೆ, ಒಬ್ಬ ದಂತವೈದ್ಯ, ಒಬ್ಬ ಸಹಾಯಕ, 12ರಿಂದ 15 ಹುಳುಕು ಹಲ್ಲಿಗೆ ಸಿಮೆಂಟು ತುಂಬುವುದು. ಆರು ತಿಂಗಳಿಗೆ ಮತ್ತೆ ಅದೇ ಶಾಲೆ. ಎರಡನೇ ಸಲ ಹೋಗಲಾಗದ ಊರನ್ನು ಒಪ್ಪಿಕೊಳ್ಳುವುದೇ ಇಲ್ಲ.

ತಾರೀಖು ಜುಲೈ ಮತ್ತು ಜನವರಿ. ಜೂನ್ ಮೊದಲ ವಾರ ಹಾಜರಿ ಇರುವುದಿಲ್ಲ; ಗೋವಾ, ಮಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಇನ್ನೂ ಮರಳಿರುವುದಿಲ್ಲ. ಸಂತೆ ದಿನವೂ ಬೇಡ, ಒಪ್ಪಿಗೆ ಚೀಟಿಗೆ ಸಹಿ ಹಾಕಲು ತಂದೆತಾಯಿ ಸಿಗುವುದಿಲ್ಲ.

ಮಕ್ಕಳಲ್ಲಿ ಮೊದಲು ನೋಡುವುದು ನಾಲ್ಕೇ ಹಲ್ಲು: ದಂತವೈದ್ಯರ ಎಣಿಕೆಯಲ್ಲಿ 16, 26, 36, 46. ಆರನೇ ವರ್ಷದ ದವಡೆ ಹಲ್ಲುಗಳಿವು. ಯಾವ ಹಾಲುಹಲ್ಲೂ ಬೀಳದೆ ಎಲ್ಲಕ್ಕಿಂತ ಹಿಂದೆ ಹುಟ್ಟುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. 'ಹಾಲಹಲ್ಲರಿ ಅದು, ಬಿದ್ದ ಹೋಗ್ತೈತಿ, ಬಿಡ್ರಿ' ಎನ್ನುತ್ತಾರೆ. ತಾಯಿಗೆ ಕನ್ನಡಿಯಲ್ಲಿ ತೋರಿಸಿ, ನಡುವಿನಿಂದ ಆರನೆಯದು ಎಂದು ಅವರ ಬೆರಳಿನಿಂದಲೇ ಎಣಿಸುವಂತೆ ಮಾಡಬೇಕು.

ಕುರ್ಚಿ, ಕಂಪ್ರೆಸರ್, ಡ್ರಿಲ್ ಒಯ್ಯುವುದಿಲ್ಲ. ಎರಡು ಡೆಸ್ಕ್ ಜೋಡಿಸಿ, ಚಾಪೆ ಹಾಸಿ, ಮಗುವನ್ನು ಮಲಗಿಸಿ ತಲೆಯ ಹಿಂದೆ ಕೂರುತ್ತೇವೆ. ಬೆಳಕಿಗೆ ತಲೆಗೆ ಕಟ್ಟುವ ಚಾರ್ಜಿಂಗ್ ಲೈಟು, ಕರೆಂಟಿನ ಹಂಗಿಲ್ಲ. ಸಲಕರಣೆಯ 30 ಸೆಟ್‌ಗಳನ್ನು ಹಿಂದಿನ ದಿನವೇ ಸುತ್ತಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರ) 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 30 ನಿಮಿಷ ಇಟ್ಟು ತರುತ್ತೇವೆ. ಊರಲ್ಲಿ ನೀರು ಕುದಿಸಿ ತೊಳೆದರೆ ಸಾಲದು. ಕುದಿಯುವ ನೀರಿಗೂ ಸಾಯದ ಸೂಕ್ಷ್ಮಾಣುಗಳಿವೆ. ಸೆಟ್ ಮುಗಿದರೆ ಆ ದಿನದ ಕೆಲಸವೂ ಮುಗಿದಂತೆ.

ಹುಳುಕನ್ನು ಚಮಚದಂಥ ಕೈಸಲಕರಣೆಯಿಂದ ಕೆರೆಯುವಾಗ ಮೊದಲು ಗುಂಡಿಯ ಅಂಚು, ಆಮೇಲೆ ತಳ. ಅಂಚಿನಲ್ಲಿ ಮೆತ್ತಗಿನದು ಒಂದಿಷ್ಟೂ ಉಳಿಯಬಾರದು. ತಳದಲ್ಲಿ ನರ ಹತ್ತಿರವಿದ್ದರೆ ತುಸು ಬಿಟ್ಟರೂ ನಡೆಯುತ್ತದೆ. ಹೊಸಬರು ತಳವನ್ನು ಆಳವಾಗಿ ಕೆರೆದು ನರ ತೆರೆಯುತ್ತಾರೆ, ಅಂಚನ್ನು ಹಾಗೆಯೇ ಬಿಡುತ್ತಾರೆ.

ಮುಂದಿನದು ಗುಂಡಿಗೆ ತುಂಬುವ ಗ್ಲಾಸ್ ಅಯೊನೊಮರ್ ಸಿಮೆಂಟು. ಒಂದು ಚಮಚ ಪುಡಿಗೆ ಒಂದು ಹನಿ ದ್ರವ. ಪುಡಿಯನ್ನು ಡಬ್ಬಿಯ ಅಂಚಿಗೆ ಸವರಿ ಸಮ ಮಾಡಬೇಕು. ದ್ರವದ ಬಾಟಲಿಯನ್ನು ಮೊದಲು ಅಡ್ಡ ಹಿಡಿದು, ಆಮೇಲೆ ನೆಟ್ಟಗೆ ಬಗ್ಗಿಸಬೇಕು. ಇಲ್ಲದಿದ್ದರೆ ಹನಿಯಲ್ಲಿ ಗಾಳಿಗುಳ್ಳೆ ಸೇರಿ ಅಳತೆ ತಪ್ಪುತ್ತದೆ. ಅರ್ಧ ನಿಮಿಷದೊಳಗೆ ಕಲಸಿ, ಹೊಳಪಿರುವಾಗಲೇ ತುಂಬಬೇಕು. ಹೊಳಪು ಹೋಯಿತೆಂದರೆ ಅದು ಹಲ್ಲಿಗೆ ಅಂಟುವುದಿಲ್ಲ, ಎಸೆಯಿರಿ. ಗದುಗಿನ ಬಿಸಿಲಿಗೆ ಸಿಮೆಂಟು ಬೇಗ ಕೂಡುತ್ತದೆ, ಅದಕ್ಕೇ ಕಲಸುವ ಗಾಜಿನ ಹಲಗೆಯನ್ನು ಮಡಕೆಯ ನೀರಲ್ಲಿಟ್ಟು, ಪೂರ್ತಿ ಒರೆಸಿ ಬಳಸುತ್ತೇವೆ. ತುಂಬಿದ ಮೇಲೆ ಗ್ಲೌಸಿನ ಬೆರಳಿಗೆ ವ್ಯಾಸಲೀನ್ ಹಚ್ಚಿ ಅರ್ಧ ನಿಮಿಷ ಒತ್ತಿದರೆ ಪಕ್ಕದ ಗೆರೆಗಳೊಳಗೂ ಇಳಿಯುತ್ತದೆ. ಒಂದು ತಾಸು ತಿನ್ನುವಂತಿಲ್ಲ. ಹೀಗಾಗಿ ಬಿಸಿಯೂಟ ಎಷ್ಟಕ್ಕೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು, ಅದಕ್ಕೆ ತಾಸು ಮುಂಚೆಯೇ ಕೊನೆಯ ಹಲ್ಲು ಮುಗಿಸುತ್ತೇವೆ.

ಅಂಗನವಾಡಿ ಮಕ್ಕಳಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಹಲ್ಲು ಒಣಗಿಸಿ, ಸಣ್ಣ ಬ್ರಷ್ಷಿನಿಂದ ಒಂದು ನಿಮಿಷ ಹಚ್ಚುವುದು, ಅಷ್ಟೇ. ಒಂದು ಹನಿ ಐದು ಹಲ್ಲಿಗೆ ಸಾಕು. ಹುಳುಕು ನಿಲ್ಲುತ್ತದೆ, ಆದರೆ ಆ ಜಾಗ ಕಾಯಂ ಕಪ್ಪಾಗುತ್ತದೆ. ಕಪ್ಪಾದ ಹಲ್ಲಿನ ಫೋಟೋ ತೋರಿಸದೆ ಹಚ್ಚಿದರೆ ಮರುದಿನ ಅಂಗನವಾಡಿ ಟೀಚರಿಗೆ ಬೈಗುಳ ತಪ್ಪಿದ್ದಲ್ಲ. ಬಾವು ಬಂದ ಹಲ್ಲಿಗೆ, ರಾತ್ರಿ ಸಿಡಿಯುವ ಹಲ್ಲಿಗೆ ಇದು ಬೇಡ.

ಈ ಸೀಮೆಯಲ್ಲಿ ಹೊರಗಿನಿಂದ ಬಂದ ಸ್ವಯಂಸೇವಕರು ತಪ್ಪದೆ ಎಡವುವುದು ಹಲ್ಲಿನ ಕಂದುಗಲೆಯಲ್ಲಿ. ಮುಂಡರಗಿ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ. ಎಡಬಲ ಎರಡೂ ಕಡೆ ಒಂದೇ ಥರ ಬಿಳಿ ಗೆರೆ, ಸುಣ್ಣದಂಥ ಮಚ್ಚೆ, ಕಂದು ಬಣ್ಣ ಇದ್ದರೆ ಅದು ಕೊಳೆಯಲ್ಲ, ಹಲ್ಲು ಒಳಗೆ ಬೆಳೆಯುವಾಗಲೇ ಫ್ಲೋರೈಡ್‌ನಿಂದ ಆದದ್ದು. 'ಚೆನ್ನಾಗಿ ತಿಕ್ಕು' ಎಂದರೆ ಮಗು ಬೂದಿ, ಇದ್ದಿಲು ಹಾಕಿ ತಿಕ್ಕಿ ಹಲ್ಲು ಸವೆಸಿಕೊಳ್ಳುತ್ತದೆ. ಕೇಳಬೇಕಾದದ್ದು ಕುಡಿಯುವ ನೀರು ಎಲ್ಲಿಯದು ಎಂದು. ಅರ್ಧ ಲೀಟರ್ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಿನದು ಬೇಡ) ಪರೀಕ್ಷೆಗೆ ಕಳಿಸುತ್ತೇವೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು, ಅಡಿಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರೇ ಆಗಬೇಕು. ಹಾಗೆಂದು ಫ್ಲೋರೈಡ್ ಪೇಸ್ಟ್ ಬಿಡಿಸುವುದಿಲ್ಲ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ನುಂಗದೆ ಉಗುಳಬೇಕು.

ಬ್ರಷ್ ಹಂಚಿ ಬರುವುದರಿಂದ ಏನೂ ಪ್ರಯೋಜನವಿಲ್ಲ, ಒಂದು ಬ್ರಷ್ಷಿಗೆ ಮನೆಮಂದಿಯೆಲ್ಲ ಪಾಲುದಾರರು. ಹೆಸರು ಅಂಟಿಸಿ ಶಾಲೆಯಲ್ಲೇ ಇಟ್ಟು, ಊಟವಾದ ಮೇಲೆ ತಿಕ್ಕಿಸಬೇಕು. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೂಷ್ಟು. ಕಿಟಕಿ ಪಕ್ಕ ರಂಧ್ರ ಕೊರೆದ ಹಲಗೆಯಲ್ಲಿ ನಿಲ್ಲಿಸಿ.

ದೊಡ್ಡವರ ಹಲ್ಲು ಕೀಳುವುದಿದ್ದರೆ ಬೆಳಿಗ್ಗೆಯೇ, ಬಿಪಿ, ಶುಗರ್ ನೋಡಿ. ರಕ್ತ ನಿಂತದ್ದನ್ನು ಕಣ್ಣಾರೆ ಕಂಡು ಕಳಿಸಲು ಹೊತ್ತು ಬೇಕು. ಗುಟ್ಕಾ, ಕಡ್ಡಿಪುಡಿ ಹಾಕುವವರಿಗೆ ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ಅವರದೇ ಮೂರು ಬೆರಳು ಒಂದರ ಮೇಲೊಂದರಂತೆ ಬಾಯೊಳಗೆ ನೆಟ್ಟಗೆ ಇಡಲು ಹೇಳಿ. ಹಿಡಿಸದಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಅಥವಾ ಧಾರವಾಡ ಸತ್ತೂರಿನ ದಂತ ಕಾಲೇಜಿಗೆ ಚೀಟಿ. ಚೀಟಿಯಲ್ಲಿ ವಾರ ಮತ್ತು ಬಸ್ಸಿನ ಹೊತ್ತನ್ನೂ ಬರೆದು, ಅದರ ಒಂದು ಪ್ರತಿಯನ್ನು ಊರಿನ ಆಶಾ ಕಾರ್ಯಕರ್ತೆಯ ಕೈಗೆ ಕೊಡುತ್ತೇವೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸು ಕೆಂಪಿಗೆ, ಸೂಜಿ ಬಿಳಿ ಗಟ್ಟಿ ಡಬ್ಬಿಗೆ. ಎಲ್ಲವೂ ನಮ್ಮ ಜೊತೆಗೇ ವಾಪಸ್ಸು.

ರಿಜಿಸ್ಟರಿನಲ್ಲಿ ಹೆಸರಷ್ಟೇ ಸಾಲದು, ಒಂದೇ ತರಗತಿಯಲ್ಲಿ ಮೂವರು ಮಂಜುನಾಥ ಇರುತ್ತಾರೆ. ಶಾಲೆಯ ಸ್ಯಾಟ್ಸ್ ಸಂಖ್ಯೆ (ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ), ತಾಯಿಯ ಹೆಸರು, ಹಲ್ಲಿನ ಸಂಖ್ಯೆ, ತುಂಬಿದವರ ಸಹಿ ಬೇಕು. ಎರಡನೇ ಸಲ ಸಿಮೆಂಟು ಪೂರ್ತಿ ಕಳಚಿದ್ದರೆ ತುಂಬುವಾಗ ಜೊಲ್ಲು ತಾಗಿತ್ತು, ಇಲ್ಲವೇ ಹೊಳಪು ಹೋಗಿತ್ತು. ಅಂಚಿನಲ್ಲಿ ಮತ್ತೆ ಹುಳುಕಿದ್ದರೆ ಕೆರೆದದ್ದು ಸಾಲಲಿಲ್ಲ. ಒಂದೇ ಸಹಿಯ ಮುಂದೆ ಇದು ಮತ್ತೆ ಮತ್ತೆ ಕಂಡರೆ ಆ ದಿನ ಅವರನ್ನು ಹತ್ತಿ ಹಿಡಿಯುವ ಕೆಲಸಕ್ಕೆ ಕೂರಿಸುತ್ತೇವೆ.