ನೈನರ್ಸ್ ಊರಿಗೆ ಬಂದ ಹೊಸಬರೇ, ಡ್ರಾಫ್ಟ್ ರಾತ್ರಿ ಜಾಸ್ತಿ ಕುಣಿಯಬೇಡಿ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ, ಸನಿವೇಲ್, ಫ್ರೀಮಾಂಟ್ ಕಡೆ ಹೊಸದಾಗಿ ಬಂದಿದ್ದೀರಾ? ಸೋಷಿಯಲ್ ಸೆಕ್ಯೂರಿಟಿ ನಂಬರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು ಇವನ್ನೆಲ್ಲ ಆಫೀಸಿನವರೇ ಹೇಳಿ ಮಾಡಿಸುತ್ತಾರೆ. ಬೇಗ ಮುಗಿಸಿಕೊಳ್ಳಿ. ಯಾರೂ ಹೇಳಿಕೊಡದ ವಿಷಯ ಇನ್ನೊಂದಿದೆ. ಸೆಪ್ಟೆಂಬರ್‌ನಿಂದ ಜನವರಿ ತನಕ ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ನೈನರ್ಸ್‌ನ ಮಾತು ಮುಗಿಯದೆ ಕೆಲಸದ ಮಾತು ಶುರುವಾಗುವುದಿಲ್ಲ. ಏಪ್ರಿಲ್‌ನಲ್ಲಿ, ಒಂದು ಚೆಂಡೂ ಹಾರದ ಹೊತ್ತಿನಲ್ಲಿ, ಅದಕ್ಕಿಂತ ಜೋರಾದ ಗಲಾಟೆ ಇರುತ್ತದೆ. ಅದು ಡ್ರಾಫ್ಟ್, ತಂಡಗಳು ಕಾಲೇಜಿನ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಹೊತ್ತು.

ತಂಡದ ಪೂರ್ತಿ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್. ಹೆಸರು ಅಲ್ಲಿಯದು, ಆಟ ಮಾತ್ರ 2014ರಿಂದ ನಮ್ಮ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ಐದು ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದಿದ್ದಾರೆ. ಕೊನೆಯದು ಬಂದಿದ್ದು 1995ರ ಜನವರಿಯಲ್ಲಿ. ಆಮೇಲೆ 2013, 2020, 2024, ಮೂರು ಸಲವೂ ಫೈನಲ್ ತನಕ ಹೋಗಿ ಸೋತು ಬಂದರು. ಆರ್‌ಸಿಬಿ 2009, 2011, 2016ರಲ್ಲಿ ಮಾಡಿದ್ದೂ ಇದೇ ಅಲ್ವಾ? ಹಾಗಾಗಿ ಈ ತಂಡಕ್ಕೆ ಅಭಿಮಾನಿಯಾಗಲು ಕನ್ನಡಿಗರಿಗೆ ಬೇರೆ ತರಬೇತಿ ಬೇಕಾಗಿಲ್ಲ.

ಐಪಿಎಲ್ ಹರಾಜಿನ ಹಾಗೆ ಇಲ್ಲಿ ದುಡ್ಡು ಕೂಗುವುದಿಲ್ಲ. 32 ತಂಡ, 7 ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ, ಚಾಂಪಿಯನ್ನರಿಗೆ ಸುತ್ತಿನ ಕೊನೆಯ ಸರದಿ. ಆ ಸರದಿಯೇ ಪಿಕ್. ತಂಡಗಳ ನಡುವೆ ದುಡ್ಡಿನ ಬದಲು ಪಿಕ್ ಓಡಾಡುತ್ತದೆ. ಈ ವರ್ಷದ್ದು ಸಾಲದಿದ್ದರೆ ಮುಂದಿನ ವರ್ಷದ್ದನ್ನೂ ಕೊಟ್ಟುಬಿಡಬಹುದು. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಅಂಗೈ ಅಗಲ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ, ಮಂಡಿ ಭುಜ ಒತ್ತಿ ನೋಡುತ್ತಾರೆ, ಗುಣ ನಡತೆ ವಿಚಾರಿಸುತ್ತಾರೆ. ಥೇಟ್ ಗಂಡು ನೋಡುವ ಶಾಸ್ತ್ರ. ಇಷ್ಟೆಲ್ಲ ಅಳೆದರೂ ಸಂಬಂಧ ಕೆಡುವುದು ಕೆಡುತ್ತದೆ.

ಆಫೀಸಿನಲ್ಲಿ ನಿಮ್ಮನ್ನು ಫ್ಯಾಂಟಸಿ ಲೀಗ್‌ಗೆ ಕರೆಯುತ್ತಾರೆ, ಅಲ್ಲೂ ಸುತ್ತು ಸುತ್ತಾಗಿ ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟಬೇಕು. ಹೋಗಿ. ಆದರೆ ನಾನು ಮಾಡಿದ್ದನ್ನು ಮಾಡಬೇಡಿ. ಮೊದಲ ವರ್ಷ ನಾನು ಶಿಸ್ತಾಗಿ ಕೂತು, ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸುವವರು ಯಾರು ಅಂತ ಪಟ್ಟಿ ನೋಡಿದೆ. ಎಲ್ಲ ಕಿಕ್ಕರ್‌ಗಳೇ, ಚೆಂಡು ಒದ್ದು ಅಂಕ ತರುವವರು! ಆರೆಂಜ್ ಕ್ಯಾಪ್ ಲೆಕ್ಕದಲ್ಲಿ ಯೋಚಿಸುವ ತಲೆ ನಮ್ಮದು. ಮೂರನೇ ಸುತ್ತಿನಲ್ಲೇ ಒಬ್ಬ ಕಿಕ್ಕರ್‌ನನ್ನು ಎತ್ತಿಕೊಂಡೆ. ರೂಮಿನಲ್ಲಿ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಬಿದ್ದು ಬಿದ್ದು ನಕ್ಕರು. ಕಿಕ್ಕರ್‌ನನ್ನು ಎಲ್ಲರೂ ಕಟ್ಟಕಡೆಯ ಸುತ್ತಿನಲ್ಲಿ ತೆಗೆದುಕೊಳ್ಳುತ್ತಾರಂತೆ. ಎಷ್ಟೋ ವರ್ಷ ಅದೇ ನನ್ನ ಅಡ್ಡಹೆಸರಾಗಿತ್ತು. ನನ್ನ ಮಾನ ಉಳಿಸಿದ್ದು ನೈನರ್ಸ್ ತಂಡವೇ. 2023ರ ನಿಜವಾದ ಡ್ರಾಫ್ಟ್‌ನಲ್ಲಿ ಅವರೂ ಮೂರನೇ ಸುತ್ತಿನಲ್ಲಿ, 99ನೇ ಪಿಕ್ ಕೊಟ್ಟು, ಜೇಕ್ ಮೂಡಿ ಅನ್ನುವ ಕಿಕ್ಕರ್‌ನನ್ನು ತಂದರು. ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಅವನು 55 ಗಜದಿಂದ ಹೊಡೆದು ದಾಖಲೆ ಮಾಡಿದ, ಅದೇ ಪಂದ್ಯದಲ್ಲಿ ಎದುರಾಳಿ 57 ಗಜದಿಂದ ಹೊಡೆದು ಅದನ್ನು ಮುರಿದ. ಕೊನೆಯ ಕಾಲು ಭಾಗದಲ್ಲಿ ಟಚ್‌ಡೌನ್ ಆದ ಮೇಲೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ ಮೇಲೆ, ಸುಮ್ನೆ ಸಿಗಬೇಕಿದ್ದ ಒಂದು ಅಂಕದ ಕಿಕ್ ಎದುರಾಳಿಯ ಕೈಗೆ ತಾಗಿ ಹೋಯಿತು. ಪಂದ್ಯ ಸಮ ಆಗಿ, ಹೆಚ್ಚುವರಿ ಸಮಯದಲ್ಲಿ ಕ್ಯಾನ್ಸಸ್ ಸಿಟಿ 25-22ರಿಂದ ಗೆದ್ದಿತು. 2025ರ ಸೆಪ್ಟೆಂಬರ್‌ನಲ್ಲಿ, ಸೀಸನ್‌ನ ಮೊದಲ ಪಂದ್ಯ ಮುಗಿದ ಬೆನ್ನಲ್ಲೇ, ಮೂಡಿಯನ್ನು ಕಳಿಸಿಬಿಟ್ಟರು.

ಈಗ ದೊಡ್ಡ ಗಾಯದ ವಿಷಯಕ್ಕೆ ಬರುತ್ತೇನೆ. ಟ್ರೇ ಲ್ಯಾನ್ಸ್. ಇಲ್ಲಿನ ಹಳಬರ ಮುಂದೆ ಈ ಹೆಸರು ಎತ್ತುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

2021ರ ಮಾರ್ಚ್‌ನಲ್ಲಿ ನಮ್ಮವರು 12ನೇ ಸ್ಥಾನದಿಂದ 3ಕ್ಕೆ ಏರಲು ಮಯಾಮಿ ತಂಡದ ಜೊತೆ ವ್ಯಾಪಾರ ಮಾಡಿದರು. ಕೊಟ್ಟಿದ್ದು ಆ 12ನೇ ಪಿಕ್, 2022 ಮತ್ತು 2023ರ ಮೊದಲ ಸುತ್ತಿನ ಪಿಕ್‌ಗಳು, ಸಾಲದ್ದಕ್ಕೆ 2022ರ ಮೂರನೇ ಸುತ್ತಿನದೂ ಒಂದು. ಅಷ್ಟನ್ನೂ ಸುರಿದು ತಂದಿದ್ದು ನಾರ್ತ್ ಡಕೋಟಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು. ಆಗ ಸಣ್ಣ ಲೀಗ್‌ನ ಕಾಲೇಜು. 2019ರಲ್ಲಿ 28 ಟಚ್‌ಡೌನ್ ಎಸೆದು ಒಂದೂ ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈ ಸೇರುವುದು) ಕೊಟ್ಟಿರಲಿಲ್ಲ, ನಿಜ. ಆದರೆ 2020ರಲ್ಲಿ ಕೊರೊನಾದಿಂದಾಗಿ ಆಡಿದ್ದು ಒಂದೇ ಪಂದ್ಯ. ಆಡದ ಹುಡುಗನ ಮೇಲೆ ಮೂರು ವರ್ಷದ ಗಂಟು ಇಟ್ಟರು. ಆ ರಾತ್ರಿ ನಮ್ಮ ಮನೆಯಲ್ಲಿ ಮೈಸೂರು ಪಾಕ್ ಹಂಚಿದ್ದೂ ಆಯಿತು, ಇವನೇ ಮುಂದಿನ ಹತ್ತು ವರ್ಷ ಅಂತ ನಾನು ಭಾಷಣ ಬಿಗಿದಿದ್ದೂ ಆಯಿತು. ಅವನು ನಮಗಾಗಿ ಮೊದಲಿನಿಂದ ಆಡಿದ ಪಂದ್ಯ ನಾಲ್ಕೇ ನಾಲ್ಕು. 2022ರ ಎರಡನೇ ಪಂದ್ಯದಲ್ಲಿ ಪಾದದ ಗಂಟು ಮುರಿಯಿತು. 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಸ್‌ಗೆ ಮಾರಿಬಿಟ್ಟರು.

ನಾವು ಕೊಟ್ಟ 12ನೇ ಪಿಕ್ ಎಲ್ಲಿ ಹೋಯಿತು ಗೊತ್ತೇ? ಮಯಾಮಿಯಿಂದ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಡಲ್ಲಸ್‌ಗೆ. ಡಲ್ಲಸ್ ಅದರಲ್ಲಿ ಮೈಕಾ ಪಾರ್ಸನ್ಸ್‌ನನ್ನು ತಂದಿತು. ಅದೇ ವರ್ಷ ಅವನು ಲೀಗ್‌ನ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ ಅನಿಸಿಕೊಂಡ. ಉಳಿದೆರಡು ಮೊದಲ ಸುತ್ತಿನ ಪಿಕ್‌ಗಳನ್ನು ಮಯಾಮಿಯವರು ಟೈರೀಕ್ ಹಿಲ್ ಮತ್ತು ಬ್ರಾಡ್ಲಿ ಚಬ್‌ರನ್ನು ತರಲು ಬಳಸಿದರು. ಆಗ ನೈನರ್ಸ್ ಮೂರನೇ ಪಿಕ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್‌ನನ್ನು ತೆಗೆದುಕೊಳ್ಳುತ್ತಾರೆ ಅಂತ ಊರೆಲ್ಲ ಮಾತಾಡಿತ್ತು. 2025ರಲ್ಲಿ ಅದೇ ಮ್ಯಾಕ್ ಜೋನ್ಸ್ ಒಂದು ಪಿಕ್ಕೂ ಖರ್ಚಿಲ್ಲದೆ ಬದಲಿ ಆಟಗಾರನಾಗಿ ಇಲ್ಲಿಗೆ ಬಂದ, ಪಂದ್ಯಗಳನ್ನೂ ಗೆಲ್ಲಿಸಿಕೊಟ್ಟ. ಹೊಟ್ಟೆ ಉರಿಯಬೇಕೋ ನಗಬೇಕೋ ನೀವೇ ಹೇಳಿ.

ಇಷ್ಟು ದೊಡ್ಡ ತಪ್ಪಾದರೂ ತಂಡ ಮುಳುಗಲಿಲ್ಲ. ಕಾರಣ ಬ್ರಾಕ್ ಪರ್ಡಿ. ಇವನೂ ಕ್ವಾರ್ಟರ್‌ಬ್ಯಾಕ್, 2022ರ ಡ್ರಾಫ್ಟ್‌ನ ಕಟ್ಟಕಡೆಯ ಹುಡುಗ, 262ನೆಯವನು. ಕೊನೆಯವನಿಗೆ ಇಲ್ಲಿ ಮಿಸ್ಟರ್ ಇರ್ರೆಲೆವಂಟ್, ಅಂದರೆ ಲೆಕ್ಕಕ್ಕಿಲ್ಲದವನು, ಅಂತ ಬಿರುದು ಕೊಟ್ಟು ನ್ಯೂಪೋರ್ಟ್ ಬೀಚ್‌ನಲ್ಲಿ ತಮಾಷೆಯ ಮೆರವಣಿಗೆ ಮಾಡುತ್ತಾರೆ. ಆ ಡಿಸೆಂಬರ್‌ನಲ್ಲಿ ಮುಂದಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡು ಕೂತಾಗ ಇವನು ಮೈದಾನಕ್ಕಿಳಿದ. ಮರು ಸೀಸನ್‌ನಲ್ಲಿ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ರಜತ್ ಪಾಟೀದಾರ್ ನೆನಪಾಗುತ್ತಾನೆ. 2022ರ ಹರಾಜಿನಲ್ಲಿ ಅವನನ್ನು ಕೇಳುವವರೇ ಇರಲಿಲ್ಲ. ಲವ್‌ನೀತ್ ಸಿಸೋಡಿಯಾ ಗಾಯಗೊಂಡ ಮೇಲೆ ಬದಲಿಯಾಗಿ ಬಂದ, ಎಲಿಮಿನೇಟರ್‌ನಲ್ಲಿ ಶತಕ ಹೊಡೆದ, 2025ರಲ್ಲಿ ನಾಯಕನಾಗಿ ಕಪ್ ಎತ್ತಿದ. ಪರ್ಡಿ ಇನ್ನೂ ಕಪ್ ಎತ್ತಿಲ್ಲ, ಅಷ್ಟೇ ವ್ಯತ್ಯಾಸ.

ಜಾನ್ ಲಿಂಚ್ ಜನರಲ್ ಮ್ಯಾನೇಜರ್, ಕೈಲ್ ಶ್ಯಾನಹನ್ ಕೋಚ್. ಇಬ್ಬರೂ 2017ರಲ್ಲಿ ಒಟ್ಟಿಗೆ ಬಂದವರು. ಅಷ್ಟು ವರ್ಷದಿಂದ ನೋಡುತ್ತಿರುವವನಾಗಿ ನನ್ನ ಲೆಕ್ಕ ಹೇಳುತ್ತೇನೆ. ಇವರಿಗೆ ಮೊದಲ ಸುತ್ತು ಆಗಿಬರುವುದಿಲ್ಲ, ಐದನೇ ಸುತ್ತು ಕೊಟ್ಟರೆ ಚಿನ್ನ ತೆಗೆಯುತ್ತಾರೆ. 2017ರಲ್ಲಿ ಮೂರನೇ ಪಿಕ್‌ನಲ್ಲಿ ಸಾಲಮನ್ ಥಾಮಸ್‌ನನ್ನು ತಂದರು. ಅದೇ ಡ್ರಾಫ್ಟ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ 10ನೇ ಪಿಕ್ ತನಕ ಕಾದು ಕೂತಿದ್ದ. ಆ ಮಹೋಮ್ಸ್‌ನೇ ಆಮೇಲೆ ಎರಡು ಫೈನಲ್‌ಗಳಲ್ಲಿ ನಮ್ಮನ್ನು ಸೋಲಿಸಿದ. 2020ರಲ್ಲಿ ಡಿಫಾರೆಸ್ಟ್ ಬಕ್ನರ್‌ನಂಥ ಗಟ್ಟಿ ಆಟಗಾರನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು 13ನೇ ಪಿಕ್ ಪಡೆದರು. ಒಂದು ಸ್ಥಾನ ಕೆಳಗಿಳಿದು 14ರಲ್ಲಿ ಜಾವನ್ ಕಿನ್ಲಾನನ್ನು ತಂದರು. ಮಂಡಿ ನೋವಿನಲ್ಲೇ ಅವನ ಕಾಲ ಕಳೆಯಿತು. ಬಿಟ್ಟುಕೊಟ್ಟ ಆ 13ರಲ್ಲಿ ಟ್ಯಾಂಪಾ ತಂದಿದ್ದು ಟ್ರಿಸ್ಟನ್ ವರ್ಫ್ಸ್‌ನನ್ನು, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಇವತ್ತಿನ ಅತ್ಯುತ್ತಮ ಟ್ಯಾಕಲ್‌ಗಳಲ್ಲಿ ಒಬ್ಬ. 2019ರಲ್ಲಿ ಎರಡನೇ ಪಿಕ್‌ಗೆ ನಿಕ್ ಬೋಸಾ ಸಿಕ್ಕಿದ್ದೊಂದು ಒಳ್ಳೆಯದಾಯಿತು. ಅವನನ್ನು ಯಾರಾದರೂ ತೆಗೆದುಕೊಳ್ಳುತ್ತಿದ್ದರು ಬಿಡಿ. ಅದೇ ಐದನೇ ಸುತ್ತು ನೋಡಿ. 2017ರಲ್ಲಿ ಜಾರ್ಜ್ ಕಿಟಲ್, 2019ರಲ್ಲಿ ಡ್ರೇ ಗ್ರೀನ್‌ಲಾ, 2021ರಲ್ಲಿ ತಲನೋವಾ ಹುಫಂಗಾ. ಫ್ರೆಡ್ ವಾರ್ನರ್ 2018ರ ಮೂರನೇ ಸುತ್ತಿನವನು. ಹಿತ್ತಲ ಗಿಡವೇ ಈ ತಂಡಕ್ಕೆ ಮದ್ದು.

ಟ್ರೇಡ್‌ಗಳಲ್ಲೂ ಒಂದು ಗೆರೆ ಎಳೆಯಬಹುದು. ಆಡಿ ತೋರಿಸಿದವರನ್ನು ತಂದಾಗಲೆಲ್ಲ ಗೆದ್ದಿದ್ದಾರೆ. 2020ರಲ್ಲಿ ಒಂದು ಐದನೇ ಸುತ್ತು, ಒಂದು ಮೂರನೇ ಸುತ್ತು ಕೊಟ್ಟು ವಾಷಿಂಗ್ಟನ್‌ನಿಂದ ಟ್ಯಾಕಲ್ ಟ್ರೆಂಟ್ ವಿಲಿಯಮ್ಸ್‌ನನ್ನು ತಂದರು. ಪುಕ್ಕಟೆ ಅಂತಲೇ ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿಗೆ ನಾಲ್ಕು ಪಿಕ್ ಕೊಟ್ಟಾಗ, ಸದಾ ಗಾಯಗೊಳ್ಳುವವನಿಗೆ ಇಷ್ಟೊಂದಾ ಅಂತ ಬೈದವರು ಬಹಳ ಜನ. ಮರುವರ್ಷ ಅವನೇ ಲೀಗ್‌ನ ಅತ್ಯುತ್ತಮ ಅಫೆನ್ಸ್ ಆಟಗಾರನಾದ.

ಸಂಬಳಕ್ಕೊಂದು ಮಿತಿ ಇದೆ, 2025ರಲ್ಲಿ ತಂಡಕ್ಕೆ 27.92 ಕೋಟಿ ಡಾಲರ್. ಪರ್ಡಿ ಮೊದಲ ವರ್ಷಗಳಲ್ಲಿ 10 ಲಕ್ಷ ಡಾಲರ್‌ಗೂ ಕಮ್ಮಿ ತೆಗೆದುಕೊಳ್ಳುತ್ತಿದ್ದ. ಹಾಗಾಗಿ ಮಿಕ್ಕವರಿಗೆ ಧಾರಾಳವಾಗಿ ಕೊಟ್ಟರು. 2025ರ ಮೇನಲ್ಲಿ ಅವನದು 5 ವರ್ಷಕ್ಕೆ 26.5 ಕೋಟಿ ಆಯಿತು. ಆ ವಸಂತದಲ್ಲೇ ಗ್ರೀನ್‌ಲಾ, ಹುಫಂಗಾ ಇಬ್ಬರೂ ಡೆನ್ವರ್‌ಗೆ ಹೋದರು. ಡೀಬೊ ಸ್ಯಾಮ್ಯುಯಲ್‌ನನ್ನು ಒಂದು ಐದನೇ ಸುತ್ತಿನ ಪಿಕ್‌ಗೆ ವಾಷಿಂಗ್ಟನ್‌ಗೆ ಕಳಿಸಿದರು. ಆ ಬೆಲೆಗೆ ಕಳಿಸಿದ್ದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಖಾಲಿಯಾದ ಜಾಗ ತುಂಬಲು 2025ರಲ್ಲಿ 11 ಹುಡುಗರನ್ನು ತಂದರು, ಮೊದಲ ಐವರೂ ಡಿಫೆನ್ಸಿನವರೇ. 11ನೇ ಪಿಕ್ ಮೈಕೆಲ್ ವಿಲಿಯಮ್ಸ್ ಚೆನ್ನಾಗಿ ಕುದುರುತ್ತಿದ್ದ, ನವೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಸೆಪ್ಟೆಂಬರ್‌ನಲ್ಲಿ ಬೋಸಾಗೂ ಅದೇ ಆಗಿತ್ತು. ಈ ಡ್ರಾಫ್ಟ್‌ಗೆ ಮಾರ್ಕ್ಸ್ ಕೊಡಿ ಅಂತ ಯಾರಾದರೂ ಕೇಳಿದರೆ 2028ಕ್ಕೆ ಬನ್ನಿ ಅನ್ನುತ್ತೇನೆ.

ಸ್ಟೇಡಿಯಂಗೆ ಹೋಗುವವರಿಗೆ ಚುಟುಕಾಗಿ. ಒಳಗಿನದು ಕಾಣುವ ಪ್ಲಾಸ್ಟಿಕ್ ಚೀಲ ಮಾತ್ರ ಬಿಡುತ್ತಾರೆ. ವಿಟಿಎ ರೈಲಿನಲ್ಲಿ ಗ್ರೇಟ್ ಅಮೆರಿಕ ಸ್ಟೇಷನ್‌ಗೆ ಇಳಿಯಿರಿ, ಪಾರ್ಕಿಂಗ್ ದುಡ್ಡು ಉಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಪೂರ್ವದ ಬದಿಯ ಸೀಟು ಬೇಡ, ಬಿಸಿಲಿಗೆ ಹಪ್ಪಳವಾಗುತ್ತೀರಿ.

ಇದನ್ನೆಲ್ಲ ಕಲಿಯಬೇಕಾ ಅಂತ ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಮಕ್ಕಳು ಶಾಲೆಗೆ ಹೋಗುವ ತನಕ ಬೇಕಾಗುವುದಿಲ್ಲ. ಆಮೇಲೆ ಒಂದು ದಿನ ಮಗ ಬಂದು ಥರ್ಡ್ ಡೌನ್ ಅಂದರೇನು ಅಂತ ಕೇಳುತ್ತಾನೆ. ನಿಮಗೆ ಗೊತ್ತಿಲ್ಲದಿದ್ದರೆ ಗೆಳೆಯನ ಅಪ್ಪನನ್ನು ಕೇಳುತ್ತಾನೆ. ಮುಂದಿನ ಸಲ ನಿಮ್ಮನ್ನು ಕೇಳುವುದೇ ಇಲ್ಲ. ನನ್ನ ಮಗ ಈಗ ಪರ್ಡಿಯ 13ನೇ ನಂಬರಿನ ಅಂಗಿ ಹಾಕಿಕೊಂಡು ನನಗೇ ಪಾಠ ಮಾಡುತ್ತಾನೆ. ಊರಿನಿಂದ ಅಮ್ಮ ಬಂದಿದ್ದಾಗ ಮೂರು ತಲೆಮಾರೂ ಒಂದೇ ಸೋಫಾದ ಮೇಲೆ. ಕ್ವಾರ್ಟರ್‌ಬ್ಯಾಕ್ ಮೇಲೆ ಇಬ್ಬರು ಬಿದ್ದ ಕೂಡಲೇ ಅಮ್ಮ, "ಅಯ್ಯೋ, ಇವನ ತಾಯಿ ಟೀವಿ ನೋಡ್ತಾ ಇರ್ತಾಳೇನೋ" ಅಂದರು. ಮಗ ಅದನ್ನು ಗೆಳೆಯರಿಗೆಲ್ಲ ಇಂಗ್ಲಿಷ್‌ನಲ್ಲಿ ಹೇಳಿ ನಗಿಸಿದ.

ಆರ್‌ಸಿಬಿಯನ್ನು ಮಾತ್ರ ಅವನಿಗೆ ದಾಟಿಸಲು ನನ್ನಿಂದ ಆಗಲಿಲ್ಲ. ಅಲ್ಲಿನ ರಾತ್ರಿ ಪಂದ್ಯ ಇಲ್ಲಿ ಬೆಳಗ್ಗೆ 7ಕ್ಕೆ ಶುರು. ಶಾಲೆಗೆ ಹೊರಡುವ ಹೊತ್ತು. 2025ರ ಜೂನ್ 3 ಮಂಗಳವಾರ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ, ಫೋನನ್ನು ಕೀಬೋರ್ಡ್‌ಗೆ ಒರಗಿಸಿಕೊಂಡು ನೋಡಿದೆ. 6 ರನ್‌ನಿಂದ ಗೆದ್ದರು. ಹದಿನೆಂಟು ವರ್ಷ ಕಾದಿದ್ದು ಬಂತು, ಪಕ್ಕದಲ್ಲಿ ಭುಜ ತಟ್ಟುವವರು ಯಾರೂ ಇಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ಬಂತು. ಆಫೀಸಿನಲ್ಲಿ ಅದನ್ನೂ ಯಾರಿಗೂ ಹೇಳಲಿಲ್ಲ. ಹೇಳಬೇಕಿದ್ದರೆ ಆರ್‌ಸಿಬಿ ಅಂದರೇನು ಅನ್ನುವುದರಿಂದ ಶುರು ಮಾಡಬೇಕಿತ್ತು. 2024ರ ಸೂಪರ್ ಬೌಲ್ ಸೋತ ರಾತ್ರಿ ಹಾಗಿರಲಿಲ್ಲ. ಗೋಡೆಯಾಚೆಯ ಮೆಕ್ಸಿಕನ್ ಕುಟುಂಬ, ಎದುರು ಮನೆಯ ತೆಲುಗಿನವರು, ನಾವು, ಎಲ್ಲರೂ ಅಂಗಳಕ್ಕೆ ಬಂದು ನಿಂತು ಒಟ್ಟಿಗೆ ಬೈದೆವು.

ಡ್ರಾಫ್ಟ್ ಏಪ್ರಿಲ್ ಕೊನೆಯಲ್ಲಿ, ಗುರುವಾರ, ನಮ್ಮ ಸಮಯ ಸಂಜೆ 5ಕ್ಕೆ ಶುರು. ಆಫೀಸಿನಿಂದ ಬೇಗ ಹೊರಡಿ. ನೈನರ್ಸ್ ಯಾರನ್ನು ತರಬೇಕು ಅಂದರೆ ನನ್ನದು ಒಂದೇ ಹಟ. ಪರ್ಡಿಗೆ ಕಾವಲು ನಿಲ್ಲುವ ಟ್ರೆಂಟ್ ವಿಲಿಯಮ್ಸ್ ಹುಟ್ಟಿದ್ದು 1988ರಲ್ಲಿ. 2018ರಲ್ಲಿ ಮೈಕ್ ಮೆಗ್ಲಿಂಚಿಯನ್ನು ತಂದ ಮೇಲೆ 2025ರ ತನಕ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ಅಫೆನ್ಸ್ ಲೈನ್‌ಮನ್‌ನನ್ನು ತಂದಿಲ್ಲ. 26.5 ಕೋಟಿಯ ಕ್ವಾರ್ಟರ್‌ಬ್ಯಾಕ್ ಮುಂದೆ ನಿಲ್ಲಲು ಯಾರಾದರೂ ಬೇಕಲ್ಲವೇ? ಮಗ ಚೆಂಡು ಹಿಡಿಯುವ ರಿಸೀವರ್ ಬೇಕು ಅನ್ನುತ್ತಾನೆ. ಅವನ ಮಾತು ಕೇಳಬೇಡಿ.