ಪೆಟ್ಟಿಗೆ ಕಟ್ಟುವ ಮೊದಲು ಅವನನ್ನೇ ಕೇಳಿ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಪಾರ್ಸೆಲ್ ಕಟ್ಟುವುದು ಯಾರೂ ಹೇಳಿಕೊಡಬೇಕಾದ ವಿದ್ಯೆ ಅಲ್ಲ. ಮನೆಗೊಬ್ಬರು ಗಲ್ಫಿನಲ್ಲಿ ಎನ್ನುವ ಊರು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ನಾಲ್ಕೂ ಬದಿಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆಯುವುದನ್ನು ನೋಡಿಕೊಂಡೇ ನಾವೆಲ್ಲ ದೊಡ್ಡವರಾದದ್ದು. ಆದರೂ ನೆರೆಮನೆಯ ಹುಡುಗ ಸೈನ್ಯದಿಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆಂದು ದಕ್ಷಿಣ ಸುಡಾನಿಗೆ ಹೋದಾಗ, ನಮ್ಮ ಮಹಿಳಾ ಮಂಡಲದವರು ಸೇರಿ ಕಟ್ಟಿದ ಮೊದಲ ಪೆಟ್ಟಿಗೆ ಪೂರ್ತಿ ಎಡವಟ್ಟಾಯಿತು.

ಸೈನಿಕ ಎಂದರೆ ಹಿಮ, ಚಳಿ ಎಂದೇ ನಮ್ಮ ತಲೆಯಲ್ಲಿ. ಆರು ಜೊತೆ ಉಣ್ಣೆಯ ಕಾಲುಚೀಲ ತಂದೆವು. ಗಾಜಿನ ಬಾಟ್ಲಿಯಲ್ಲಿ ಮಿಡಿ ಉಪ್ಪಿನಕಾಯಿ ತುಂಬಿ, ಒಡೆಯದ ಹಾಗೆ ಅದೇ ಕಾಲುಚೀಲವನ್ನು ಸುತ್ತಿದ್ದು ನನ್ನದೇ ಬುದ್ಧಿ. ಬಾಟ್ಲಿ ಒಡೆಯಲಿಲ್ಲ, ನಿಜ. ಮುಚ್ಚಳದ ಸಂದಿನಿಂದ ರಸ ಇಳಿಯಿತು. ಹುಡುಗ ಫೋನ್ ಮಾಡಿ, "ದೊಡ್ಡಮ್ಮಾ, ಇಲ್ಲಿ ಬನಿಯನ್ ಹಾಕಿದರೂ ಸೆಕೆ. ಉಣ್ಣೆ ಯಾಕೆ ಕಳಿಸಿದ್ರಿ? ಅದೂ ಉಪ್ಪಿನಕಾಯಿ ಹಾಕಿ!" ಎಂದು ನಕ್ಕ. ಅಂದಿನಿಂದ ನಮ್ಮ ಮಂಡಲದ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಸಾಲು: ಮೊದಲು ಅವನನ್ನು ಕೇಳುವುದು.

ಕೇಳುವುದಕ್ಕೂ ಒಂದು ಕ್ರಮ ಉಂಟು. "ಏನು ಬೇಕು ಮಗಾ?" ಎಂದರೆ "ಏನೂ ಬೇಡ ದೊಡ್ಡಮ್ಮ" ಎಂದೇ ಹೇಳುತ್ತಾರೆ. ಅಲ್ಲಿ ಸೆಕೆಯಾ ಚಳಿಯಾ, ರೂಮಿನಲ್ಲಿ ಎಷ್ಟು ಜನ, ಬಿಸಿನೀರು ಸಿಗುತ್ತದಾ, ಲಂಗರಿನ ಅಡುಗೆಯವನು ದೋಸ್ತಿಯಾ, ಹೀಗೆ ಕೇಳಬೇಕು. ಸೈನ್ಯದಲ್ಲಿ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ಅಲ್ಲಿ ದೋಸ್ತಿ ಇದ್ದರೆ ಮಾತ್ರ ಹಲಸಿನ ಹಪ್ಪಳ ಕಳಿಸಿ. ಇಲ್ಲದಿದ್ದರೆ ಅದನ್ನು ಹುರಿದುಕೊಡುವವರು ಯಾರು? ಬಿಸಿನೀರು ಮಾತ್ರ ಸಿಗುವುದಾದರೆ ಪುನರ್ಪುಳಿಯ, ಅಂದರೆ ಮುರುಗಲ ಹಣ್ಣಿನ ಒಣಸಿಪ್ಪೆ ಬಹಳ ಒಳ್ಳೆಯದು. ನಾಲ್ಕು ಸಿಪ್ಪೆ, ಚೂರು ಉಪ್ಪು, ಬಿಸಿನೀರು, ಅಷ್ಟೇ ಸಾರು. ಭಾರವೂ ಇಲ್ಲ.

ಇನ್ನು ಸೋಂಟೆಯ, ಅಂದರೆ ಹಲಸಿನ ಸೊಳೆ ಕರಿದು ಮಾಡುವ ಚಿಪ್ಸಿನ ವಿಷಯ. ನಮ್ಮ ಹುಡುಗರೆಲ್ಲ ಕೇಳುವುದು ಅದನ್ನೇ. ಮನೆಯಲ್ಲಿ ತಿನ್ನುವ ಸೋಂಟೆ ಬೇರೆ, ತಿಂಗಳುಗಟ್ಟಲೆ ಉಳಿಯಬೇಕಾದ ಸೋಂಟೆ ಬೇರೆ. ಸೊಳೆಯನ್ನು ಒಂದೇ ದಪ್ಪಕ್ಕೆ ಹೆಚ್ಚಬೇಕು, ಇಲ್ಲವಾದರೆ ತೆಳುವಾದದ್ದು ಕಪ್ಪಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಹಸಿ. ತೆಂಗಿನೆಣ್ಣೆಗೆ ಉಪ್ಪುನೀರು ಚಿಮುಕಿಸಿದ ಮೇಲೆ ಚರಚರ ಸದ್ದು ಜೋರಾಗುತ್ತದಲ್ಲ, ಆ ಸದ್ದು ಪೂರ್ತಿ ಅಡಗುವವರೆಗೆ ಒಲೆಯ ಮುಂದಿನಿಂದ ಏಳಬಾರದು. ಸದ್ದು ಇದೆ ಎಂದರೆ ನೀರಿನಂಶ ಇದೆ. ನೀರಿನಂಶ ಉಳಿದರೆ ತೆಂಗಿನೆಣ್ಣೆಯ ತಿಂಡಿ ಕೆಲವೇ ವಾರದಲ್ಲಿ ಸಾಬೂನು ನೆಕ್ಕಿದ ಹಾಗೆ ರುಚಿ ಕೊಡುತ್ತದೆ. ಕರಿದದ್ದನ್ನು ರಾತ್ರಿಯಿಡೀ ಡಬ್ಬಿಯಲ್ಲಿ ಆರಲು ಬಿಟ್ಟು ಬೆಳಿಗ್ಗೆ ಪ್ಯಾಕ್ ಮಾಡಿ. ಉಗುರುಬೆಚ್ಚಗೆ ಇರುವಾಗ ತುಂಬಿದರೆ ಪ್ಲಾಸ್ಟಿಕ್ಕಿನ ಒಳಗೇ ಬೆವರುತ್ತದೆ. ಈ ಕೆಲಸವೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಲಿ. ಜೋರುಮಳೆಯ ಆಟಿ ತಿಂಗಳಲ್ಲಿ ಕರಿದ ಸೋಂಟೆ ನಮ್ಮ ಅಟ್ಟದಲ್ಲೇ ಮೆತ್ತಗಾಗುತ್ತದೆ, ದಕ್ಷಿಣ ಸುಡಾನ್‌ವರೆಗೆ ಏನು ಹೇಳುವುದು!

ಪ್ಯಾಕೆಟ್ ಕಾಲು ಕಿಲೋಕ್ಕಿಂತ ದೊಡ್ಡದು ಬೇಡ. ಅವನು ಒಬ್ಬನೇ ತಿನ್ನುವುದಿಲ್ಲ. ಪೆಟ್ಟಿಗೆ ಬಿಚ್ಚಿದ ಕೂಡಲೇ ಏಳೆಂಟು ಕೈ ಬರುತ್ತವೆ. ಅಷ್ಟು ಜನ ಒಂದು ಸಲ ಕೂತು ಮುಗಿಸುವ ಪ್ಯಾಕೆಟ್ ಆದರೆ ಉಳಿದದ್ದು ಗರಿಗರಿಯಾಗಿ ಇರುತ್ತದೆ. ಪ್ಲಾಸ್ಟಿಕ್ ಅಂಟಿಸಲು ನಮ್ಮ ಹತ್ತಿರ ಮೆಷಿನ್ ಇಲ್ಲ. ಗರಗಸದ ಹಳೆಯ ಬ್ಲೇಡಿಗೆ ಬಾಯಿ ಮಡಚಿ, ಮೇಣದಬತ್ತಿಯ ಜ್ವಾಲೆಯ ಅಂಚಿಗೆ ತಾಗಿಸಿದರೆ ಸಾಕು. ಆಮೇಲೆ ಪ್ಯಾಕೆಟನ್ನು ಬಾಲ್ದಿಯ ನೀರಿನಲ್ಲಿ ಅದುಮಿ ನೋಡುತ್ತೇನೆ. ಗುಳ್ಳೆ ಬಂದರೆ ಮತ್ತೊಮ್ಮೆ ಅಂಟಿಸುವುದು. ಸೋಂಟೆಯ ಪ್ಯಾಕೆಟಿನಲ್ಲಿ ಗಾಳಿ ಇರಲಿ, ಪುಡಿಯಾಗುವುದಿಲ್ಲ. ಚಟ್ನಿಪುಡಿ, ಸಾರಿನ ಪುಡಿಯದ್ದಾದರೆ ಗಾಳಿ ಪೂರ್ತಿ ಒತ್ತಿ ತೆಗೆಯಿರಿ.

ಮಾವಿನ ರಸ ಒಣಗಿಸಿದ ಮಾಂಬಳ, ಹೆಸರುಂಡೆ, ಚಕ್ಕುಲಿ ಧಾರಾಳ ಕಳಿಸಬಹುದು. ಹಸಿ ತೆಂಗಿನಕಾಯಿ ಹಾಕಿದ್ದು ಯಾವುದೂ ಬೇಡ. ಅಮ್ಮಂದಿರು ಅಳುತ್ತಾರೆ, "ಅವನಿಗೆ ಕಾಯಿ ಹೋಳಿಗೆ ಅಂದ್ರೆ ಪ್ರಾಣ" ಎಂದು. ರಜೆಗೆ ಬಂದಾಗ ಮಾಡಿ ಹಾಕಿ ಮಾರಾಯ್ತಿ, ನಾನು ಬೇಡ ಅನ್ನುವುದಿಲ್ಲ. ಚಾಕಲೇಟ್ ಸೆಕೆಯ ದೇಶಕ್ಕೆ ಬೇಡ. ಗಂಧದ ಸಾಬೂನು, ಪೌಡರ್ ಇಡುವುದಾದರೆ ಅದಕ್ಕೆ ಬೇರೆಯೇ ಪೆಟ್ಟಿಗೆ. ಚಹಾಪುಡಿಯಷ್ಟು ಬೇಗ ವಾಸನೆ ಹಿಡಿಯುವ ವಸ್ತು ಇನ್ನೊಂದಿಲ್ಲ. ಪವರ್ ಬ್ಯಾಂಕ್, ಲೈಟರ್, ಸ್ಪ್ರೇ ಡಬ್ಬಿ ಅಂಚೆಯವರು ತೆಗೆದುಕೊಳ್ಳುವುದಿಲ್ಲ. ಹುಡುಗ ಒಮ್ಮೆ ಅಡಕೆಯನ್ನೂ ಕೇಳಿದ್ದ. ನಮ್ಮ ಕಡೆಯವನಲ್ವಾ! ನಾನು ಕಳಿಸಲಿಲ್ಲ. ನಮಗೆ ಸಾಮಾನ್ಯ ವಸ್ತು ಎನ್ನಿಸುವುದು ಬೇರೆ ದೇಶದ ಕಸ್ಟಮ್ಸಿನವರಿಗೆ ಹಾಗಿರುವುದಿಲ್ಲ. ಗಸಗಸೆ ಯುಎಇಯಲ್ಲಿ ನಿಷೇಧ, ಗಲ್ಫಿಗೆ ಹೋಗಿ ಬರುವ ಯಾರನ್ನಾದರೂ ಕೇಳಿ.

ಪೆಟ್ಟಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೂ ಅವನೇ ಹೇಳಲಿ. ರಜೆ ಮುಗಿಸಿ ಹೊರಟ ಜೊತೆಗಾರನ ಕೈಗೆ ಕೊಡಿ ಎಂದರೆ ಅದೇ ಸಲೀಸು. ಆದರೆ ಅವನ ಬ್ಯಾಗಿಗೂ ತೂಕದ ಮಿತಿ ಉಂಟು, ಎರಡು ಕಿಲೋ ದಾಟಿಸಬೇಡಿ. ಹೊರದೇಶದ ವಿಳಾಸಕ್ಕೆ ನೇರವಾಗಿ ಅಂಚೆ ಪಾರ್ಸೆಲ್ ಆದರೆ ಸಿಎನ್ 23 ಎಂಬ ಕಸ್ಟಮ್ಸ್ ಫಾರಂ ತುಂಬಬೇಕು. ಸುಮ್ನೆ "ತಿಂಡಿ" ಎಂದು ಬರೆದರೆ ಆಗದು. ಒಂದೊಂದರ ಹೆಸರು, ತೂಕ, ಬೆಲೆ ಬೇಕು, ಅದೂ ಇಂಗ್ಲಿಷಿನಲ್ಲಿ. ಸೋಂಟೆ ಜಾಕ್‌ಫ್ರೂಟ್ ಚಿಪ್ಸ್ ಆಯಿತು, ಮಾಂಬಳ ಡ್ರೈಡ್ ಮ್ಯಾಂಗೋ ಆಯಿತು. ಪುನರ್ಪುಳಿಯ ಹತ್ತಿರ ಬಂದಾಗ ನಾವು ಐದು ಹೆಂಗಸರೂ ಕೌಂಟರಿನ ಮುಂದೆ ಮುಖ ಮುಖ ನೋಡಿಕೊಂಡೆವು. ಕೋಕಂ ಎಂದು ಬರೆದುಕೊಟ್ಟದ್ದು ಹಿಂದೆ ನಿಂತಿದ್ದ ಕಾಲೇಜು ಹುಡುಗಿ.

ದೇಶದೊಳಗಿನ ಗಡಿಯಲ್ಲಿರುವ ಹುಡುಗರ ವಿಳಾಸ ಬೇರೆ ತರ. ನಂಬರು, ಹುದ್ದೆ, ಹೆಸರು, ಯೂನಿಟ್, ಕೊನೆಗೆ ಕೇರ್ ಆಫ್ 56 ಎಪಿಒ ಇಲ್ಲವೇ 99 ಎಪಿಒ. ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ. ಪಿನ್ ಕೋಡ್ 9ರಿಂದ ಶುರು. ಊರಿನ ಹೆಸರೇ ಇಲ್ಲವಲ್ಲ ಎಂದು ನಮ್ಮಲ್ಲೊಬ್ಬರು ಒಳ್ಳೆಯ ಮನಸ್ಸಿನಿಂದ "ಲೇಹ್" ಎಂದು ಸೇರಿಸಲು ಹೊರಟಿದ್ದರು. ಹಾಗೆ ಮಾಡಬಾರದು. 56ರದ್ದು ದಿಲ್ಲಿಯಿಂದ, 99ರದ್ದು ಕೋಲ್ಕತ್ತದಿಂದ ಸೈನ್ಯದ ಅಂಚೆಯವರೇ ಮುಟ್ಟಿಸುತ್ತಾರೆ. ಪಡೆ ಎಲ್ಲಿದೆ ಎಂದು ಹೊರಗೆ ಕಾಣಬಾರದೆಂದೇ ಆ ವ್ಯವಸ್ಥೆ. ಅದಕ್ಕೇ ಹೇಳುವುದು, ವಿಳಾಸ ಬರೆದ ಪೆಟ್ಟಿಗೆಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಮನೆಗೊಂದು ತಿಂಡಿ ಎಂದು ಹಂಚಿಕೊಂಡರೆ ಯಾರಿಗೂ ಜಾಸ್ತಿ ಭಾರವಾಗುವುದಿಲ್ಲ. ಅಂಚೆ ಖರ್ಚಿಗೆ ಮಾತ್ರ ದುಡ್ಡು ಎತ್ತಿ, ರಶೀದಿಯನ್ನು ಅದೇ ಪುಸ್ತಕಕ್ಕೆ ಅಂಟಿಸಿ. ಟೇಪ್ ಹಾಕುವ ಮೊದಲೇ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ದೀಪಾವಳಿಗೆ ಮುಟ್ಟಬೇಕಾದರೆ ಚೌತಿ ಕಳೆದ ಕೂಡಲೇ ಹೊರಡಬೇಕು.

ಪೆಟ್ಟಿಗೆಯಲ್ಲಿ ಉಳಿದ ಜಾಗಕ್ಕೆ ನಾವು ಹಳೆಯ ಕನ್ನಡ ಪೇಪರ್ ಮುದ್ದೆ ಮಾಡಿ ತುರುಕುತ್ತಿದ್ದೆವು. ಹುಡುಗ ಇಲ್ಲಿಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವನು. ಅವನ ಪಡೆಯಲ್ಲಿ ಬೀದರ್, ಹಾಸನದವರೂ ಇದ್ದಾರಂತೆ. ಆ ಮುದ್ದೆಗಳನ್ನೆಲ್ಲ ಬಿಡಿಸಿ, ಹಾಸಿಗೆಯ ಅಡಿಗೆ ಹಾಕಿ ನೆಟ್ಟಗೆ ಮಾಡಿ ಓದಿದರಂತೆ. ಪದಬಂಧದ ಅರ್ಧ ಹರಿದುಹೋಗಿತ್ತು ಎಂದು ನನಗೆ ದೂರು ಬಂತು. ಈಗ ಪದಬಂಧದ ಪುಟವನ್ನು ಕತ್ತರಿಸಿ, ಮಡಚದೆ, ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಜೊತೆಗೆ ಒಂದು ಪೆನ್ಸಿಲ್. ಉತ್ತರ ಮಾತ್ರ ಮುಂದಿನ ಪೆಟ್ಟಿಗೆಯಲ್ಲಿ.